ಅಂಗಡಿಯ ಬಾಳೆಹಣ್ಣೂ ಮಾವನ ತೋಟದ ರಸಬಾಳೆಯೂ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆಗಿತ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಇವತ್ತು ಮತ್ತೆ ಕೀಲಿಮಣೆ ಮುಂದೆ ಕೂರಿಸಿದ್ದು ಒಂದು ಬಾಳೆಹಣ್ಣು :-)

ಕಳೆದ ಭಾನುವಾರ ಮನೆ ಹತ್ತಿರದ ದೊಡ್ಡ ಅಂಗಡಿಗೆ ಹೋಗಿದ್ದೆವು. ಅದೇ, ತಂಪು ಗಾಳಿ ಬೀಸುವ, ತಳ್ಳುಬುಟ್ಟಿ ಹಿಡಿದು ಓಡಾಡುವ ಅಂಗಡಿ. ಬಾಳೆಹಣ್ಣಿನ ಕಟ್ಟೆ ಮುಂದೆ ನಿಂತು ಮಗಳು ಕೇಳಿದಳು, "ಅಪ್ಪಾ, ಇವೆಲ್ಲ ಜೆರಾಕ್ಸ್ ಮಾಡಿಟ್ಟ ಹಾಗಿವೆ ಅಲ್ವಾ?" ನೋಡಿದೆ. ಹೌದು. ಒಂದೇ ಉದ್ದ, ಒಂದೇ ಬಾಗು, ಒಂದೇ ಹಳದಿ, ಮೇಲೊಂದು ಚೀಟಿ. ಪಕ್ಕದಲ್ಲಿ ಒಂದು ಸಣ್ಣ ಬುಟ್ಟಿಯಲ್ಲಿ ಏಲಕ್ಕಿ ಬಾಳೆ ಇತ್ತು. ಅಷ್ಟೇ. ನಲವತ್ತು ಬಗೆ ಬಿಸ್ಕತ್ತು, ಇಪ್ಪತ್ತು ಬಗೆ ಸಾಬೂನು ಇರುವ ಅಂಗಡಿಯಲ್ಲಿ ಬಾಳೆಹಣ್ಣು ಎರಡೇ ಬಗೆ!

ಅವಳಿಗೆ ಆಗ "ಹೂಂ ಪುಟ್ಟಾ" ಅಂದು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಯಾಕಂದ್ರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಅವು ಜೆರಾಕ್ಸ್ ಪ್ರತಿಗಳೇ. ಆ ಪ್ರತಿಗಳ ಹಿಂದೆ ನೂರೈವತ್ತು ವರ್ಷದ ಕಥೆಯೊಂದಿದೆ. ಆ ಕಥೆಯ ಒಂದು ತುದಿ ನನ್ನ ಸೋದರಮಾವನ ತೋಟದಲ್ಲಿದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

* * *

ಮೊದಲು ಬಾಳೆಯ ಬಗ್ಗೆ ಒಂದೆರಡು ಮಾತು. ಕಾಡುಬಾಳೆಯ ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ಜಾಸ್ತಿ. ಮೆಣಸಿನ ಕಾಳಿನ ಹಾಗೆ ಗಟ್ಟಿ ಬೀಜ, ಕಚ್ಚಿದರೆ ಹಲ್ಲು ಹೋಗುತ್ತೆ. ಬಾವಲಿ, ಸೂರಕ್ಕಿಗಳು ಹೂವಿಗೆ ಬಂದು ಪರಾಗಸ್ಪರ್ಶ ಮಾಡಿದರೆ ಬೀಜ. ಆಗ್ನೇಯ ಏಷ್ಯಾ, ನ್ಯೂಗಿನಿ, ನಮ್ಮ ಈಶಾನ್ಯ ರಾಜ್ಯಗಳ ಕಡೆಯ ಕಾಡುಗಳು ಇವುಗಳ ತವರು. ಅಲ್ಲೆಲ್ಲೋ, ಯಾವತ್ತೋ, ಯಾರಿಗೋ ಬೀಜವೇ ಇಲ್ಲದ ಹಣ್ಣು ಬಿಡುವ ಗಿಡ ಸಿಕ್ಕಿತು. ಅವರು ಅದರ ಬುಡದ ಕಂದು ಕಿತ್ತು ಬೇರೆ ಕಡೆ ನೆಟ್ಟರು. ಪಾಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ ಸುಮಾರು 7,000 ವರ್ಷದ ಹಿಂದೆಯೇ ಬಾಳೆ ಬೇಸಾಯ ಇತ್ತು ಅಂತ ಪುರಾತತ್ವದವರು ಹೇಳುತ್ತಾರೆ.

ಇವತ್ತು ನಾವು ತಿನ್ನುವ ಬಾಳೆಗಳೆಲ್ಲ ಹೆಚ್ಚುಕಡಿಮೆ ಎರಡು ಕಾಡುಬಾಳೆಗಳ ಸಂತಾನ: ಮೂಸಾ ಅಕ್ಯುಮಿನಾಟಾ ಮತ್ತು ಮೂಸಾ ಬಾಲ್ಬಿಸಿಯಾನಾ. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು ಮೊದಲನೆಯದಕ್ಕೆ 'ಎ', ಎರಡನೆಯದಕ್ಕೆ 'ಬಿ' ಅಂತ ಗುರುತು ಕೊಟ್ಟು ಬಾಳೆಗಳ ಜಾತಕ ಬರೆದರು. ನಮ್ಮ ಪಚ್ಚಬಾಳೆ 'ಎಎಎ'. ಏಲಕ್ಕಿ ಬಾಳೆ 'ಎಬಿ'. ರಸಬಾಳೆ 'ಎಎಬಿ'. ಖುಷಿಯ ವಿಷಯ ಅಂದ್ರೆ, ಈ ಜಾತಕದಲ್ಲಿ ಒಂದು ಗುಂಪಿನ ಹೆಸರೇ 'ಮೈಸೂರು'. ತಮಿಳರ ಪೂವನ್ ಬಾಳೆ ಬರೋದು ಆ ಗುಂಪಿನಲ್ಲೇ.

ಬೀಜ ಇಲ್ಲ ಅಂದ ಮೇಲೆ ಅಪ್ಪ-ಅಮ್ಮ ಬೇರೆ ಬೇರೆ ಅನ್ನೋ ಮಾತೇ ಇಲ್ಲ. ತಾಯಿಗಿಡದ ಕಂದು ತಾಯಿಯ ತದ್ರೂಪ. ಅದರ ಕಂದೂ ತದ್ರೂಪ. ತಿನ್ನುವವರಿಗೆ ಇದು ವರ, ಇವತ್ತಿನ ರುಚಿ ನಾಳೆಯೂ ಸಿಗುತ್ತೆ. ಆದರೆ ಒಂದು ಗಿಡಕ್ಕೆ ಬರುವ ರೋಗ ಆ ಜಾತಿಯ ಅಷ್ಟೂ ಗಿಡಕ್ಕೆ ಬರುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

* * *

ಈಗ ಕೆರಿಬಿಯನ್ ಸಮುದ್ರಕ್ಕೆ ಹೋಗೋಣ. ಅಂಗಡಿಗಾಗಿ ಬಾಳೆ ಬೆಳೆಯುವ ಪದ್ಧತಿ ಶುರುವಾಗಿದ್ದು ಅಲ್ಲೇ.

1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ಹಡಗಿನ ಕಪ್ತಾನ ಜಮೈಕಾದಿಂದ ವಾಪಸ್ಸಾಗುವಾಗ 160 ಬಾಳೆಗೊನೆ ತುಂಬಿಕೊಂಡು ಹೊರಟ. ಗೊನೆಗಳು ಕೊಳೆಯುವ ಮೊದಲೇ ಜರ್ಸಿ ಸಿಟಿ ಮುಟ್ಟಿದ. ಒಳ್ಳೇ ಲಾಭಕ್ಕೆ ಮಾರಾಟವಾದವು. ಆ ಕಾಲಕ್ಕೆ ಅಮೆರಿಕದಲ್ಲಿ ಬಾಳೆಹಣ್ಣು ಅಂದ್ರೆ ಅಪರೂಪದ ವಸ್ತು. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ವಸ್ತುಪ್ರದರ್ಶನದಲ್ಲಿ ಒಂದೊಂದು ಹಣ್ಣನ್ನೂ ತಗಡಿನ ಹಾಳೆಯಲ್ಲಿ ಸುತ್ತಿ 10 ಸೆಂಟಿಗೆ ಮಾರುತ್ತಿದ್ದರಂತೆ. ಆಮೇಲೆ ಬೇಕರ್ ಮತ್ತು ಗೆಳೆಯರು ಸೇರಿ 1885ರಲ್ಲಿ ಬಾಸ್ಟನ್ ಫ್ರೂಟ್ ಕಂಪನಿ ಕಟ್ಟಿದರು. ಅತ್ತ ಕೋಸ್ಟರಿಕಾದಲ್ಲಿ ಮೈನರ್ ಕೀತ್ ಎಂಬಾತ ರೈಲು ಹಳಿ ಹಾಕಿಸುತ್ತಾ, ಹಳಿಯ ಪಕ್ಕದಲ್ಲೇ ಬಾಳೆ ನೆಡಿಸುತ್ತಾ ಹೋಗುತ್ತಿದ್ದ. 1899ರಲ್ಲಿ ಎರಡೂ ಕಡೆಯವರು ಒಂದಾಗಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ಕೆಲವೇ ದಶಕಗಳಲ್ಲಿ ಬಾಳೆಹಣ್ಣು ಅಮೆರಿಕದ ಬಡವರ ಮನೆಯ ಹಣ್ಣಾಯಿತು. ಅಲ್ಲೇ ಬೆಳೆದ ಸೇಬಿಗಿಂತ ಸಾವಿರಾರು ಮೈಲಿ ಸಮುದ್ರ ದಾಟಿ ಬಂದ ಬಾಳೆ ಅಗ್ಗ!

ಇದು ಸಾಧ್ಯವಾಗಿದ್ದು ಒಂದೇ ಒಂದು ತಳಿಯಿಂದ. ಹೆಸರು ಗ್ರೋ ಮಿಶೆಲ್. ಏಷ್ಯಾದ ಮೂಲದ ಬಾಳೆ, ಫ್ರೆಂಚರ ಕೈಯಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಬಂದಿತ್ತು. 1830ರ ದಶಕದಲ್ಲಿ ಪುಯಾ ಎಂಬ ತೋಟಗಾರ ಅದರ ಕಂದನ್ನು ಜಮೈಕಾಗೆ ತಂದ. ದಪ್ಪ ಸಿಪ್ಪೆ, ಒತ್ತೊತ್ತಾಗಿ ಕೂತ ಚಿಪ್ಪುಗಳು. ಗೊನೆ ಗೊನೆಯನ್ನೇ ಹಡಗಿನೊಳಗೆ ಎಸೆದರೂ ಹಣ್ಣು ಜಜ್ಜುತ್ತಿರಲಿಲ್ಲ. ಪೆಟ್ಟಿಗೆ ಬೇಡ, ಹುಲ್ಲು ಬೇಡ. ತಿಂದವರು ರುಚಿಯೂ ಚೆನ್ನಾಗಿತ್ತು ಅಂತಾರೆ.

ನೂರಾರು ತಳಿ ಇರುವಾಗ ಕಂಪನಿಗಳು ಒಂದಕ್ಕೇ ಯಾಕೆ ಜೋತು ಬಿದ್ದವು? ಅಂಗಡಿಯ ಕಡೆಯಿಂದ ನೋಡಿದರೆ ತಿಳಿಯುತ್ತೆ. ಹತ್ತು ತಳಿ ಇದ್ದರೆ ಹತ್ತು ಬೇರೆ ಬೇರೆ ದಿನಕ್ಕೆ ಮಾಗುತ್ತವೆ. ಒಂದಕ್ಕೆ ಒಂದು ಉಷ್ಣತೆ, ಇನ್ನೊಂದಕ್ಕೆ ಇನ್ನೊಂದು. ಒಂದು ತಳಿ ಅಂದ್ರೆ ಕಡಿಯುವ ದಿನ, ಹಡಗಿನ ಚಳಿ, ಮಾಗಿಸುವ ಕೋಣೆ, ಅಂಗಡಿಯ ಬೆಲೆ ಎಲ್ಲಕ್ಕೂ ಒಂದೇ ಲೆಕ್ಕ. ಸುಮಾರು 13-14 ಡಿಗ್ರಿಯಲ್ಲಿ ಕಾಯಿ ನಿದ್ದೆ ಮಾಡುತ್ತೆ, ಅದಕ್ಕಿಂತ ತೀರಾ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತೆ. ಊರು ಮುಟ್ಟಿದ ಮೇಲೆ ಕೋಣೆಗೆ ಎಥಿಲೀನ್ ಅನಿಲ ಬಿಟ್ಟು ಎಬ್ಬಿಸುತ್ತಾರೆ. ಈ ಇಡೀ ಗಡಿಯಾರ ಒಂದು ತಳಿಗೆ ಕೀಲಿ ಕೊಟ್ಟದ್ದು. ಅಗ್ಗದ ಬೆಲೆಯ ಗುಟ್ಟು ಅದೇ.

* * *

ಗಡಿಯಾರ ನಿಲ್ಲಿಸಿದ್ದು ಒಂದು ಬೂಷ್ಟು.

ಫ್ಯುಸೇರಿಯಂ ಎಂಬ ಶಿಲೀಂಧ್ರ. ಮಣ್ಣಿನಲ್ಲಿರುತ್ತೆ, ಬೇರಿನಿಂದ ಒಳಗೆ ಹೋಗಿ ನೀರಿನ ನಾಳ ಕಟ್ಟಿಹಾಕುತ್ತೆ. ಎಲೆ ಹಳದಿಯಾಗಿ, ಬುಡದಲ್ಲೇ ಮುರಿದು, ಗಿಡದ ಸುತ್ತ ಲಂಗದ ಹಾಗೆ ಇಳಿಬೀಳುತ್ತವೆ. ದಿಂಡು ಸೀಳಿದರೆ ಒಳಗೆ ಕೆಂಪು-ಕಂದು ಗೆರೆಗಳು. 1870ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ಬಾರಿ ವರ್ಣಿಸಿದ ಈ ರೋಗ, ಪನಾಮಾದ ತೋಟಗಳನ್ನು ಹಾಳುಮಾಡಿದ ಮೇಲೆ 'ಪನಾಮಾ ರೋಗ' ಅಂತಲೇ ಹೆಸರಾಯಿತು. ನಮ್ಮ ರೈತರು ಹೇಳೋದು ಸೊರಗು ರೋಗ. ಔಷಧ ಇಲ್ಲ. ಒಮ್ಮೆ ಮಣ್ಣಿಗೆ ಬಂದರೆ ದಶಕಗಟ್ಟಲೆ ಅಲ್ಲೇ ಮಲಗಿರುತ್ತೆ.

ಕಂಪನಿಗಳು ಏನು ಮಾಡಿದವು ಗೊತ್ತಾ? ತಳಿ ಬದಲಾಯಿಸಲಿಲ್ಲ, ಜಾಗ ಬದಲಾಯಿಸಿದವು. ರೋಗ ಬಂದ ತೋಟವನ್ನು ಬಿಟ್ಟು, ಪಕ್ಕದ ಮಳೆಕಾಡನ್ನು ಕಡಿದು, ಅಲ್ಲಿ ಅದೇ ಗ್ರೋ ಮಿಶೆಲ್ ನೆಟ್ಟರು. ಕೆಲವು ವರ್ಷದಲ್ಲಿ ಅಲ್ಲಿಗೂ ರೋಗ ಬಂತು. ಮತ್ತೆ ಕಾಡು ಕಡಿದರು. ಹೊಂಡುರಾಸ್, ಗ್ವಾಟೆಮಾಲಾ, ಪನಾಮಾ, ಕೋಸ್ಟರಿಕಾಗಳ ತಗ್ಗುಕಾಡುಗಳು ಹೀಗೆ ಹೋದವು. ತೋಟದ ಜೊತೆ ರೈಲು ಹಳಿಯನ್ನೂ ಕಿತ್ತುಕೊಂಡು ಹೋಗಿ, ಹಳಿ ನಂಬಿ ಬಂದ ಊರುಗಳು ಪಾಳು ಬಿದ್ದವು. ಕೆಲವು ಕಡೆ ಹೊಲಗಳಿಗೆ ತಿಂಗಳುಗಟ್ಟಲೆ ನೀರು ನಿಲ್ಲಿಸಿ ಶಿಲೀಂಧ್ರವನ್ನು ಮುಳುಗಿಸಿ ಕೊಲ್ಲಲು ನೋಡಿದರು. ಅದೂ ಆಗಲಿಲ್ಲ.

ಬಾಸ್ಟನ್ನಿನಲ್ಲಿ ಹಣ್ಣು ಕೊಳ್ಳುವವರಿಗೆ ಇದ್ಯಾವುದೂ ಕಾಣಿಸಲಿಲ್ಲ. ಹಣ್ಣು ಅದೇ, ರುಚಿ ಅದೇ, ಬೆಲೆ ಅದೇ. ಕಾಡಿನ ಲೆಕ್ಕ ಅಂಗಡಿಯ ಬಿಲ್ಲಿಗೆ ಬರಲೇ ಇಲ್ಲ. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಚುಚ್ಚಿದ್ದು ಇದೇ.

ಇನ್ನು ಬಿಟ್ಟು ಓಡೋಕೆ ಜಾಗ ಇಲ್ಲ ಅನ್ನೋ ಹೊತ್ತಿಗೆ, 1950ರ ದಶಕದ ಕೊನೆಯಲ್ಲಿ, ಕಂಪನಿಗಳು ಸೋತು ಬೇರೆ ತಳಿ ಹುಡುಕಿದವು. 1960ರ ದಶಕದಲ್ಲಿ ಗ್ರೋ ಮಿಶೆಲ್ ಆ ದೊಡ್ಡ ಅಂಗಡಿಗಳಿಂದ ಕಣ್ಮರೆಯಾಯಿತು. (ನಾಶವಾಗಲಿಲ್ಲ. ಚಿಕ್ಕ ಹಿತ್ತಿಲುಗಳಲ್ಲಿ, ಬೇರೆ ಬೆಳೆಗಳ ನಡುವೆ ಇವತ್ತಿಗೂ ಇದೆ. ಒಂಟಿಯಾಗಿದ್ದರೆ ಬದುಕುತ್ತೆ, ಸಾವಿರ ಎಕರೆ ಒತ್ತಾಗಿ ನೆಟ್ಟರೆ ಸಾಯುತ್ತೆ.)

* * *

ಹೊಸದಾಗಿ ಬಂದದ್ದು ಕ್ಯಾವೆಂಡಿಶ್. ಚೀನಾದ ಕಡೆಯ ಬಾಳೆ, ಮಾರಿಷಸ್ ಮೂಲಕ ಇಂಗ್ಲೆಂಡಿಗೆ ಹೋಗಿ, 1830ರ ಸುಮಾರಿಗೆ ಡೆವನ್‌ಶೈರಿನ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್ ಎಂಬ ಶ್ರೀಮಂತನ ಗಾಜಿನ ಮನೆ ಸೇರಿತ್ತು. ಅವನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1835ರಲ್ಲಿ ಅದರಲ್ಲಿ ಹೂ ಬಿಡಿಸಿ, ಧಣಿಯ ಹೆಸರನ್ನೇ ಇಟ್ಟ. ನಮ್ಮ ಪಚ್ಚಬಾಳೆ ಇದೇ ಕುಟುಂಬ. ಇವತ್ತು ನಮ್ಮ ರೈತರು 'ಜಿ9' ಅಂತ ಕರೆಯುವ ಗ್ರ್ಯಾಂಡ್ ನೈನ್ ಕೂಡ ಇದೇ ಕುಟುಂಬದ್ದು.

ಕ್ಯಾವೆಂಡಿಶ್‌ಗೆ ಆ ಹಳೆಯ ಸೊರಗು ರೋಗ ತಾಗುತ್ತಿರಲಿಲ್ಲ. ಆದರೆ ಸಿಪ್ಪೆ ತೆಳು, ಬೇಗ ಜಜ್ಜುತ್ತೆ. ಅದಕ್ಕಾಗಿ ಇಡೀ ವ್ಯಾಪಾರವೇ ಬದಲಾಯಿತು. ತೋಟದಲ್ಲೇ ಚಿಪ್ಪು ಬಿಡಿಸಿ, ತೊಳೆದು, ರಟ್ಟಿನ ಪೆಟ್ಟಿಗೆಗೆ ತುಂಬುವ ಮನೆಗಳು ಎದ್ದವು. ಗಿಡದ ಮೇಲೆಯೇ ಗೊನೆಗೆ ಪ್ಲಾಸ್ಟಿಕ್ ಚೀಲ ಹಾಕುವುದು ಮಾಮೂಲಾಯಿತು. ಇಂದು ದೇಶದಿಂದ ದೇಶಕ್ಕೆ ರಫ್ತಾಗುವ ಬಾಳೆಹಣ್ಣು ಹೆಚ್ಚುಕಡಿಮೆ ಪೂರ್ತಿ ಕ್ಯಾವೆಂಡಿಶ್. ಜಗತ್ತಿನ ಒಟ್ಟು ಬಾಳೆ ಬೆಳೆಯಲ್ಲೂ ಅರ್ಧದ ಹತ್ತಿರ ಅದೇ.

ಅಂದ್ರೆ ಒಂದು ತಳಿಯನ್ನು ನಂಬಿ ಕೆಟ್ಟವರು ಕಲಿತ ಪಾಠ ಏನು? ಇನ್ನೊಂದು ತಳಿಯನ್ನು ನಂಬುವುದು!

ಅಂಗಡಿಗಳ ಹಟವೂ ಹೆಚ್ಚುತ್ತಾ ಹೋಯಿತು. 1994ರಲ್ಲಿ ಯುರೋಪಿನ ಒಕ್ಕೂಟ ಬಾಳೆಹಣ್ಣಿಗೆ ನಿಯಮವನ್ನೇ ಬರೆಯಿತು: ಕನಿಷ್ಠ 14 ಸೆಂಟಿಮೀಟರ್ ಉದ್ದ, 27 ಮಿಲಿಮೀಟರ್ ದಪ್ಪ, ಅಸಹಜವಾಗಿ ಬಾಗಿರಬಾರದು. ನಮ್ಮ ಏಲಕ್ಕಿ ಬಾಳೆ ಈ ಗೇಟಿನ ಹತ್ತಿರವೂ ಸುಳಿಯೋ ಹಾಗಿರಲಿಲ್ಲ :-) ಇನ್ನು ಬೆಲೆ. ಬಾಳೆಹಣ್ಣಿನ ಬೆಲೆ ಗಿರಾಕಿಗೆ ಬಾಯಿಪಾಠ ಇರುತ್ತೆ, ಅದನ್ನ ನೋಡಿಯೇ ಅಂಗಡಿ ದುಬಾರಿಯೋ ಅಗ್ಗವೋ ಅಂತ ತೀರ್ಮಾನ ಮಾಡ್ತಾರೆ. ಹಾಗಾಗಿ 2000ದ ದಶಕದಲ್ಲಿ ಬ್ರಿಟನ್ನಿನ ದೊಡ್ಡ ಅಂಗಡಿಗಳು ಒಂದರ ಮೇಲೊಂದು ಬಿದ್ದು ಬಾಳೆಯ ಬೆಲೆ ಇಳಿಸಿದವು. ಆ ಬೆಲೆಗೆ ಬೆಳೆಯಬೇಕಾದ ತೋಟದಲ್ಲಿ ಬಾಳೆ ಬಿಟ್ಟು ಇನ್ನೊಂದು ಹುಲ್ಲುಕಡ್ಡಿಗೂ ಜಾಗ ಇರಲ್ಲ. ಎಲೆಗೆ ಬರುವ ಸಿಗಟೋಕಾ ರೋಗ ತಡೆಯಲು ವರ್ಷಕ್ಕೆ 40ಕ್ಕೂ ಹೆಚ್ಚು ಸಲ ವಿಮಾನದಿಂದ ಔಷಧ ಸಿಂಪಡಿಸುವ ತೋಟಗಳು ಮಧ್ಯ ಅಮೆರಿಕದಲ್ಲಿವೆ. ಅದು ಬೀಳೋದು ಬಾಳೆಯ ಮೇಲೆ ಮಾತ್ರ ಅಲ್ಲ. ಹಳ್ಳ, ಮೀನು, ಕಪ್ಪೆ, ಕೂಲಿಯವರ ಮನೆ ಎಲ್ಲದರ ಮೇಲೂ.

ಅಷ್ಟರಲ್ಲಿ ಅದೇ ಫ್ಯುಸೇರಿಯಂ ಹೊಸ ವೇಷದಲ್ಲಿ ಬಂದಿದೆ. ವಿಜ್ಞಾನಿಗಳು ಕರೆಯೋದು ಟಿಆರ್4. ತೈವಾನಿನಲ್ಲಿ 1960ರ ದಶಕದಲ್ಲಿ ಕ್ಯಾವೆಂಡಿಶ್ ಸೊರಗೋದು ಕಂಡಿತು. ಆಮೇಲೆ ಚೀನಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, 2013ರ ಹೊತ್ತಿಗೆ ಜೋರ್ಡಾನ್, ಮೊಜಾಂಬಿಕ್. 2019ರ ಆಗಸ್ಟಿನಲ್ಲಿ ಕೊಲಂಬಿಯಾದಲ್ಲಿ ಸಿಕ್ಕಿದಾಗ ಸರ್ಕಾರ ರಾಷ್ಟ್ರೀಯ ತುರ್ತುಸ್ಥಿತಿಯನ್ನೇ ಘೋಷಿಸಿತು. 2021ರಲ್ಲಿ ಪೆರು. ನಮ್ಮ ದೇಶಕ್ಕೂ ಬಂದಿದೆ. 2010ರ ದಶಕದಲ್ಲಿ ಬಿಹಾರದ ಕಟಿಹಾರ್ ಕಡೆ ಕಾಣಿಸಿಕೊಂಡು, ಆಮೇಲೆ ಉತ್ತರಪ್ರದೇಶ, ಗುಜರಾತಿನಲ್ಲೂ ಸಿಕ್ಕಿತು. ಚಪ್ಪಲಿಗೆ ಅಂಟಿದ ಮಣ್ಣು, ಟ್ರ್ಯಾಕ್ಟರಿನ ಚಕ್ರ, ರೋಗ ಇರುವ ಒಂದು ಕಂದು, ಇಷ್ಟು ಸಾಕು ಅದಕ್ಕೆ ಊರು ದಾಟಲು.

* * *

ಈಗ ಮಾವನ ತೋಟಕ್ಕೆ.

ಅಮ್ಮನ ತವರು ನಂಜನಗೂಡಿನ ಹತ್ತಿರದ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆ ಅಂದ್ರೆ ಅಲ್ಲೇ. ಮಾವನ ತೋಟದ ಒಂದು ಮೂಲೆಯಲ್ಲಿ ರಸಬಾಳೆ ಇತ್ತು. ಗೊನೆ ಕಡಿದು, ಒಣಗಿದ ಬಾಳೆಎಲೆ ಸುತ್ತಿ, ಕೋಣೆಯಲ್ಲಿ ಇಟ್ಟರೆ ಮೂರನೇ ದಿನ ವಾಸನೆ ಬೀದಿಗೆ ಬರೋದು. ಅಜ್ಜಿ ಸಾಯಂಕಾಲ ಸೀಕರಣೆ ಮಾಡೋರು. ಸಿಪ್ಪೆ ಕಾಗದದಷ್ಟು ತೆಳು. ತಿರುಳು ಬೆಣ್ಣೆ, ಹಲ್ಲಿಗೆ ಕೆಲಸವೇ ಇಲ್ಲ.

ನಂಜನಗೂಡು ರಸಬಾಳೆಯ ಹೆಸರು ಕೇಳದ ಕನ್ನಡಿಗ ಇರಲಿಕ್ಕಿಲ್ಲ. ಕಪಿಲಾ ನದಿ ಬದಿಯ ಮಣ್ಣು, ಅದರಲ್ಲೂ ದೇವರಸನಹಳ್ಳಿ ಸುತ್ತಮುತ್ತಲಿನದು, ಆ ರುಚಿಗೆ ಕಾರಣ ಅಂತಾರೆ. ಮೈಸೂರು ವೀಳ್ಯದೆಲೆ ಜೊತೆ ಇದಕ್ಕೂ ಭೌಗೋಳಿಕ ಗುರುತು, ಅದೇ ಜಿಐ ಟ್ಯಾಗ್, 2005-06ರಲ್ಲಿ ಸಿಕ್ಕಿತು. ಆದರೆ ಗುರುತು ಸಿಗೋ ಹೊತ್ತಿಗೆ ಗುರುತಿಸಲು ತೋಟವೇ ಅಪರೂಪವಾಗಿತ್ತು. ರಸಬಾಳೆಯನ್ನು ಹೊಡೆದದ್ದೂ ಅದೇ ಸೊರಗು ರೋಗ. ಗ್ರೋ ಮಿಶೆಲ್‌ಗೆ ಪನಾಮಾದಲ್ಲಿ ಬಂದದ್ದು, ನಮ್ಮ ಮಾವನಿಗೆ ಹಿತ್ತಿಲಲ್ಲಿ ಬಂತು.

ಕಳೆದ ವರ್ಷ ಹೋದಾಗ ಮಾವನನ್ನ ಕೇಳಿದೆ, "ರೋಗ ಬಂದಿದ್ದಕ್ಕೇ ಬಿಟ್ರಾ ಮಾವ?"

"ರೋಗ ಒಂದೇ ಆಗಿದ್ರೆ ಹೆಂಗೋ ನೋಡ್ಕೋಬಹುದಿತ್ತು ಕಣೋ" ಅಂದರು. "ಬೇರೆ ಮಣ್ಣಲ್ಲಿ, ಅಲ್ಲೊಂದು ಇಲ್ಲೊಂದು ಹಾಕಿದ್ರೆ ಉಳೀತಿತ್ತು. ಹಣ್ಣು ತಗೊಳ್ಳೋರು ಬೇಕಲ್ಲ. ಮಂಡಿಗೆ ತಗೊಂಡೋದ್ರೆ 'ಚಿಪ್ಪಿಂದ ಹಣ್ಣು ಉದುರ್ತದೆ, ಬ್ಯಾಡ' ಅಂತಾರೆ. ಪಚ್ಚಬಾಳೆ ಆದ್ರೆ ತೋಟಕ್ಕೇ ಬಂದು ಕಡ್ಕೊಂಡ್ ಹೋಯ್ತಾರೆ."

ಮಾವ ಹೇಳಿದ್ದು ಸರಿ. ರಸಬಾಳೆಯ ಗುಂಪಿನ ಹಣ್ಣುಗಳಿಗೆಲ್ಲ ಈ ಸ್ವಭಾವ ಇದೆ. ಮಾಗಿದರೆ ಚಿಪ್ಪಿನಿಂದ ಕಳಚಿಕೊಳ್ಳುತ್ತವೆ, ಸಿಪ್ಪೆ ಸೀಳುತ್ತೆ. ಗೊನೆ ಬರಲು ಜಿ9ಗಿಂತ ಹೆಚ್ಚು ತಿಂಗಳು ಬೇಕು. ಅಜ್ಜಿಯ ಕೋಣೆಗೆ ಇದ್ಯಾವುದೂ ದೋಷ ಆಗಿರಲಿಲ್ಲ. ಉದುರಿದ ಹಣ್ಣನ್ನು ಮೊದಲು ತಿನ್ನುತ್ತಿದ್ದೆವು, ಅಷ್ಟೇ. ಅಂಗಡಿಯ ಕಟ್ಟೆಗೆ ಬಂದರೆ ಮಾತ್ರ ದೋಷ. ಹಣ್ಣು ಬದಲಾಗಲಿಲ್ಲ, ಅದನ್ನು ಅಳೆಯುವ ಕೋಲು ಬದಲಾಯಿತು.

ಮಾವನನ್ನು ದೂರಲಾರೆ. ಮಗನ ಓದು, ಮಗಳ ಮದುವೆ ಎಲ್ಲ ನಡೆದದ್ದು ಜಿ9 ದುಡ್ಡಿನಲ್ಲೇ. ಅಂಗಾಂಶ ಕೃಷಿಯ ಸಸಿ ತಂದು ಒಂದೇ ದಿನ ನೆಟ್ಟರೆ ಹೆಚ್ಚುಕಡಿಮೆ ಒಟ್ಟಿಗೇ ಕಟಾವು. ಲಾರಿ ಬರುತ್ತೆ, ದುಡ್ಡು ಬರುತ್ತೆ. ಹಿತ್ತಿಲ ಮೂಲೆಯಲ್ಲಿ ಒಂದು ಬುಡ ರಸಬಾಳೆ ಅತ್ತೆ ಉಳಿಸಿಕೊಂಡಿದ್ದರು, ಪಾತ್ರೆ ತೊಳೆದ ನೀರು ಹಾಕಿ. ಹೋದ ಸಲ ಅದರ ಎಲೆಗಳೂ ಹಳದಿಯಾಗಿ ಇಳಿಬಿದ್ದಿದ್ದವು. ಅತ್ತೆ ಏನೂ ಹೇಳಲಿಲ್ಲ. ಒಂದು ಕಂದು ಬೇರೆ ಕಡೆ ಇಟ್ಟಿದ್ದೀನಿ, ನೋಡೋಣ ಅಂದರು.

ನನ್ನ ಭಯ ಇನ್ನೊಂದು. ಟಿಆರ್4 ನಮ್ಮ ಕಡೆ ಬಂದರೆ ಮಾವನ ಜಿ9 ತೋಟ ಪೂರ್ತಿ ಹೋಗುತ್ತೆ. ಈ ಸಲ "ಪಚ್ಚಬಾಳೆ ಹಾಕ್ಕೋ" ಅಂತ ಹೇಳೋಕೆ ಪಚ್ಚಬಾಳೆಯೂ ಇರಲ್ಲ.

* * *

ಹಾಗಾದ್ರೆ ಗತಿ ಏನು? ಇಲ್ಲೇ ಇರೋದು ಕಥೆಯ ಸ್ವಾರಸ್ಯ. ಅಂಗಡಿ ಬೇಡ ಅಂದ ಹಣ್ಣುಗಳ ಹತ್ತಿರವೇ ಅಂಗಡಿಯ ಹಣ್ಣಿನ ಜೀವ ಇದೆ.

ಮೂಸಾ ಅಕ್ಯುಮಿನಾಟಾದ ಒಂದು ಉಪಜಾತಿ ಮಲಾಕ್ಸೆನ್ಸಿಸ್ ಅಂತ. ಆಗ್ನೇಯ ಏಷ್ಯಾದ ಕಾಡುಬಾಳೆ, ತಿನ್ನಲು ಬರುವುದಿಲ್ಲ, ಬರೀ ಬೀಜ. ಇದರ ಕೆಲವು ಗಿಡಗಳಿಗೆ ಟಿಆರ್4 ತಾಗುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜೇಮ್ಸ್ ಡೇಲ್ ಮತ್ತು ಸಂಗಡಿಗರು ಅದರ ಒಂದು ವಂಶವಾಹಿಯನ್ನು ಕ್ಯಾವೆಂಡಿಶ್‌ಗೆ ಸೇರಿಸಿ, ರೋಗದ ಮಣ್ಣಿನಲ್ಲೇ ನೆಟ್ಟು ನೋಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿಡ ತಡೆದುಕೊಂಡಿತು. 2024ರಲ್ಲಿ ಆಸ್ಟ್ರೇಲಿಯಾ ಆ ಬಾಳೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಕುಲಾಂತರಿ ಬೇಕೋ ಬೇಡವೋ ಅನ್ನೋ ಜಗಳ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ನಾನು ಹೇಳೋದು ಇಷ್ಟೇ: ಆ ಕಾಡುಬಾಳೆ ಕಾಡಿನಲ್ಲಿ ಉಳಿದಿತ್ತು, ಅದಕ್ಕೇ ಆ ವಂಶವಾಹಿ ಸಿಕ್ಕಿತು. ಮಧ್ಯ ಅಮೆರಿಕದಲ್ಲಿ ಮಾಡಿದ ಹಾಗೆ ಅಲ್ಲೂ ಕಾಡು ಬೋಳಿಸಿ ಒಂದೇ ಬಾಳೆ ನೆಟ್ಟಿದ್ದರೆ ಸಿಗುತ್ತಿರಲಿಲ್ಲ.

ಕುಲಾಂತರಿ ಅಲ್ಲದ ದಾರಿಗಳೂ ಇವೆ. ಹೊಂಡುರಾಸಿನಲ್ಲಿ ಫಿಲಿಪ್ ರೋವ್ ಎಂಬ ತಳಿ ವಿಜ್ಞಾನಿ ಕಾಡುಬಾಳೆಗಳನ್ನೂ ಹಳೆಯ ನಾಟಿ ಬಾಳೆಗಳನ್ನೂ ದಶಕಗಟ್ಟಲೆ ಕೂಡಿಸಿ 'ಗೋಲ್ಡ್‌ಫಿಂಗರ್' ಎಂಬ ಗಟ್ಟಿ ತಳಿ ತಂದ. ತೈವಾನಿನವರು ಕ್ಯಾವೆಂಡಿಶ್‌ನಲ್ಲೇ ಅಪರೂಪಕ್ಕೆ ಹುಟ್ಟುವ ವ್ಯತ್ಯಾಸಗಳನ್ನು ಆರಿಸಿ ಸ್ವಲ್ಪ ತಡೆದುಕೊಳ್ಳುವ ಗಿಡ ಬೆಳೆಸಿದರು. ಎಲ್ಲದಕ್ಕೂ ಬಂಡವಾಳ ಒಂದೇ, ವೈವಿಧ್ಯ.

ಈ ಬಂಡವಾಳ ಯಾರ ಹತ್ತಿರ ಇದೆ? ಬೆಲ್ಜಿಯಂನ ಲ್ಯುವೆನ್ ವಿಶ್ವವಿದ್ಯಾಲಯದಲ್ಲಿ 1985ರಿಂದ ಗಾಜಿನ ಕೊಳವೆಗಳಲ್ಲಿ 1,500ಕ್ಕೂ ಹೆಚ್ಚು ಬಾಳೆ ಮಾದರಿಗಳನ್ನು ಕಾಪಾಡುತ್ತಿದ್ದಾರೆ. ನಮ್ಮಲ್ಲಿ ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಶುರುವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ದೇಶದ ನೂರಾರು ತಳಿಗಳನ್ನು ಹೊಲದಲ್ಲೇ ಬೆಳೆಸಿ ಇಟ್ಟಿದೆ. ಇವಿಷ್ಟು ಬಿಟ್ಟರೆ ಉಳಿದದ್ದು ಕಾಡು, ಮತ್ತೆ ಅತ್ತೆಯಂಥವರ ಹಿತ್ತಿಲು. ಹಿತ್ತಿಲಿಗೆ ಪಾತ್ರೆ ತೊಳೆದ ನೀರು ಹಾಕಿದ್ದಕ್ಕೆ ಯಾವ ಅಂಗಡಿಯೂ ದುಡ್ಡು ಕೊಡಲ್ಲ. ಕಿಲೋ ಬಾಳೆಹಣ್ಣಿನ ಬೆಲೆಯಲ್ಲಿ ಲಾರಿ ಬಾಡಿಗೆ ಇದೆ, ಕರೆಂಟು ಇದೆ, ಆ ಸಣ್ಣ ಚೀಟಿಯ ಖರ್ಚೂ ಇದೆ. ಕಾಡಿನ ಬಾವಲಿಯ ಪಾಲು ಇಲ್ಲ, ಅತ್ತೆಯ ಪಾಲೂ ಇಲ್ಲ.

* * *

ಅಂಗಡಿಯನ್ನೇ ಬೈದು ಮುಗಿಸಿದರೆ ಅದೂ ತಪ್ಪಾಗುತ್ತೆ. ಪ್ರಪಂಚದ ಬಾಳೆಯಲ್ಲಿ ಸುಮಾರು ಕಾಲು ಭಾಗ ಬೆಳೆಯುವ ದೇಶ ನಮ್ಮದು. ಅದರಲ್ಲಿ ಹೊರಗೆ ಹೋಗೋದು ತೀರಾ ಸ್ವಲ್ಪ, ಉಳಿದದ್ದೆಲ್ಲ ನಾವೇ ತಿನ್ನೋದು. ಅಂದ್ರೆ ಇಲ್ಲಿ ಅಂಗಡಿ ಏನು ಇಡಬೇಕು ಅಂತ ಹೇಳೋ ಗಿರಾಕಿಗಳು ನಾವೇ. ಇಷ್ಟು ತಳಿ ಇನ್ನೂ ಉಳಿದಿರೋದೂ ಮಾರಾಟದಿಂದಲೇ. ಪೂಜೆಗೆ, ತಾಂಬೂಲಕ್ಕೆ ಏಲಕ್ಕಿ ಬಾಳೆಯೇ ಆಗಬೇಕು ಅನ್ನೋ ಹಟ ಇರೋದ್ರಿಂದ ಏಲಕ್ಕಿ ಬಾಳೆ ಇದೆ. ಚಿಪ್ಸಿಗೆ ನೇಂದ್ರವೇ ಬೇಕು ಅನ್ನೋದ್ರಿಂದ ನೇಂದ್ರ ಇದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ನಮ್ಮ ಹಾಪ್‌ಕಾಮ್ಸ್ ಕೂಡ ಅಂಗಡಿಯೇ ತಾನೆ. ಬೆಳೆದವನಿಗೂ ತಿನ್ನುವವನಿಗೂ ನಡುವೆ ದೂರ ಕಡಿಮೆ ಇದ್ದರೆ ಉದುರುವ ಹಣ್ಣೂ ಮಾರಾಟ ಆಗುತ್ತೆ. ತಳ್ಳುಗಾಡಿಯವನು ಉದುರಿದ ಹಣ್ಣನ್ನು ಒಂದು ಕಡೆ ಗುಡ್ಡೆ ಹಾಕಿ "ತಗೊಳಿ ಸಾರ್, ಇವತ್ತೇ ತಿನ್ಬೇಕು" ಅಂತಾನೆ. ಆ ಒಂದು ಮಾತು ಹೇಳೋಕೆ ದೊಡ್ಡ ಅಂಗಡಿಯಲ್ಲಿ ಯಾರೂ ಇಲ್ಲ.

ಅಂಗಡಿಗೆ ಒಂದೇ ಥರದ ಹಣ್ಣು ಬೇಕು. ಆ ಒಂದು ಹಣ್ಣು ಬದುಕಿರಬೇಕಾದರೆ ಹೊರಗೆ ನೂರು ಥರ ಇರಬೇಕು. ಗ್ರೋ ಮಿಶೆಲ್ ಹೋದಾಗ ಕ್ಯಾವೆಂಡಿಶ್ ಎಲ್ಲೋ ಒಂದು ಕಡೆ ಉಳಿದಿತ್ತು, ಹಾಗಾಗಿ ವ್ಯಾಪಾರ ಉಳಿಯಿತು. ಮುಂದಿನ ಸಲ ಎಲ್ಲಿಂದ ತರೋದು ಅನ್ನೋ ಪ್ರಶ್ನೆಗೆ ಉತ್ತರ ಈಗ ಯಾರದೋ ಹಿತ್ತಿಲಲ್ಲಿ ಬೆಳೆಯುತ್ತಿರಬೇಕು. ಬೆಳೆಯುತ್ತಿದೆಯಾ?

ಮಗಳಿಗೆ ಇಷ್ಟನ್ನೂ ಹೇಳಿದೆ. ಅರ್ಧ ಕೇಳಿ, "ಹಾಗಾದ್ರೆ ಈ ಸಲ ಅಜ್ಜಿ ಊರಿಗೆ ಹೋದಾಗ ಆ ಕಂದು ನೋಡ್ಬೇಕು" ಅಂದಳು. ಅತ್ತೆಗೆ ಫೋನ್ ಮಾಡಿದೆ. ಎರಡು ಎಲೆ ಬಿಟ್ಟಿದೆಯಂತೆ. ಹಸಿರಾಗೇ ಇದೆಯಂತೆ.

ನಿಮಗೊಂದು ಕೆಲಸ. ನಿಮ್ಮೂರಲ್ಲಿ ಯಾವ್ಯಾವ ಬಾಳೆ ಇತ್ತು, ಈಗ ಯಾವುದು ಸಿಗುತ್ತೆ, ಯಾವುದು ಸಿಗಲ್ಲ, ಬರೆಯಿರಿ. ನಾನು ಶುರು ಮಾಡ್ತೀನಿ: ಪಚ್ಚಬಾಳೆ, ಏಲಕ್ಕಿ ಬಾಳೆ, ರಸಬಾಳೆ, ಚಂದ್ರಬಾಳೆ, ಬೂದಿಬಾಳೆ, ನೇಂದ್ರಬಾಳೆ, ಮೈಸೂರು ಬಾಳೆ, ಕದಳಿ... ಮಲೆನಾಡು, ಕರಾವಳಿಯವರ ಹತ್ತಿರ ಇನ್ನೂ ಹತ್ತಾರು ಹೆಸರು ಇರಬೇಕು. ಹೆಸರಾದರೂ ಒಂದು ಕಡೆ ಸೇರಲಿ. ಹೆಸರು ನೆನಪಿದ್ದರೆ ಕೇಳೋಕಾದ್ರೂ ಆಗುತ್ತೆ, ಕೇಳಿದರೆ ಯಾರಾದರೂ ಬೆಳೆದಾರು.